ದಾಂಡೇಲಿಯ ದೃಢೀಕರಣ ಕ್ಲಾಸು

ಮಕ್ಕಳೇ, ನಮ್ಮ ಕನ್ನಡ ಕೂಟದ ಸಂಚಿಕೆಯಲ್ಲಿ ನೀವು ಬಸವಣ್ಣನವರ ಬಗ್ಗೆ ಓದಿದ್ದೀರಿ, ಕಿತ್ತೂರು ಚೆನ್ನಮ್ಮನ ಬಗ್ಗೆ ಓದಿದ್ದೀರಿ. ದಸರಾ ಗೊಂಬೆಗಳಂತೂ ಪ್ರತಿ ವರ್ಷ ತಪ್ಪದೆ ಬರುತ್ತವೆ. ಈ ಸಲ ಸಂಪಾದಕರು ನನಗೆ ಬರೆಯಲು ಹೇಳಿದ್ದಾರೆ. ಅದಕ್ಕೆ ಕಾರಣ ನೀವೇ. ಯುಗಾದಿ ಊಟದ ಸಾಲಿನಲ್ಲಿ ನನ್ನ ಮಗಳು ಬರುವ ವಸಂತದಲ್ಲಿ ಚರ್ಚಿನಲ್ಲಿ ತನ್ನ ದೃಢೀಕರಣ, ಇಲ್ಲಿಯ ಮಾತಿನಲ್ಲಿ ಕೊನ್‌ಫಿರ್ಮಾತ್ಸಿಯೋನ್ ಇದೆ ಅಂದಾಗ, ನಿಮ್ಮಲ್ಲೊಬ್ಬರು ‘ಹಾಗಾದ್ರೆ ನೀವು ಕನ್ನಡದವರಲ್ವಾ?’ ಅಂತ ಕೇಳಿದಿರಿ. ಕೇಳಿದ್ದು ಒಳ್ಳೆಯದೇ ಆಯಿತು. ಉತ್ತರ ಉದ್ದ ಇದೆ, ಅರ್ಧ ಉತ್ತರ ನಾವು ಈಗ ಇರುವ ಜರ್ಮನಿಯಲ್ಲೇ ಇದೆ.

ನಾನು ದಾಂಡೇಲಿಯವಳು. ಗೋವಾಕ್ಕೆ ಹೋಗುವಾಗ ಧಾರವಾಡ ದಾಟಿ ಬಲಕ್ಕೋ ಎಡಕ್ಕೋ ಕಾಡು ಶುರುವಾಗುತ್ತದಲ್ಲ, ಆ ಕಡೆ. ಉತ್ತರ ಕನ್ನಡ ಜಿಲ್ಲೆ ಅಂದ ತಕ್ಷಣ ಎಲ್ಲರಿಗೂ ಕಾರವಾರದ ಕಡಲು, ಗೋಕರ್ಣ ನೆನಪಾಗುತ್ತದೆ. ನಮ್ಮದು ಘಟ್ಟದ ಮೇಲಿನ ಭಾಗ. ಹಳಿಯಾಳದ ಹೊಲಗದ್ದೆ ಮತ್ತು ಕಟ್ಟಿಗೆ ಡಿಪೊ, ಜೋಯಿಡಾದ ದಟ್ಟ ಅಡವಿ, ಟಿಬೆಟನ್ನರ ಕ್ಯಾಂಪುಗಳಿರುವ ಮುಂಡಗೋಡ, ನಡುವೆ ಕಾಳಿ ನದಿಯ ದಂಡೆಯ ಮೇಲೆ ನಮ್ಮ ದಾಂಡೇಲಿ. 1955ರಲ್ಲಿ ಕಾಗದದ ಮಿಲ್ಲಿನ ಕಂಪನಿ ಹುಟ್ಟಿತು, ಅದರ ಬೆನ್ನಿಗೆ ಊರು ಬೆಳೆಯಿತು. ಕಾಲೊನಿಯ ಒಂದೇ ಸಾಲಿನಲ್ಲಿ ಕನ್ನಡ, ಮರಾಠಿ, ಕೊಂಕಣಿ, ತೆಲುಗು, ಉರ್ದು ಎಲ್ಲ ಕೇಳಿಸುತ್ತಿತ್ತು. ಮಿಲ್ಲಿನ ಸೈರನ್ ಹೊಡೆದಾಗ ಅಷ್ಟೂ ಭಾಷೆಯವರು ಒಟ್ಟಿಗೆ ಗಡಿಯಾರ ನೋಡುತ್ತಿದ್ದರು.

ಆ ಊರಲ್ಲೇ ನನ್ನ ದೃಢೀಕರಣ ಆಗಿದ್ದು. ಹಾಗಂದರೇನು? ಕೂಸಾಗಿದ್ದಾಗ ಕ್ರೈಸ್ತರಾದ ನಮಗೆ ದೀಕ್ಷಾಸ್ನಾನ ಕೊಡುತ್ತಾರೆ. ಕೂಸಿಗೇನು ಗೊತ್ತು? ಅದರ ಪರವಾಗಿ ಅಪ್ಪ-ಅಮ್ಮ, ಜೊತೆಗೆ ನಿಂತ ಹಿರಿಯರು ಮಾತು ಕೊಡುತ್ತಾರೆ. ಹದಿನಾಲ್ಕೋ ಹದಿನೈದೋ ವಯಸ್ಸಾದಾಗ ಆ ಮಾತನ್ನು ನಾವೇ ಸಭೆಯ ಮುಂದೆ ನಿಂತು ಹೇಳಬೇಕು. ನಂಬುವುದಿದ್ದರೆ ನಂಬುತ್ತೇನೆ ಅನ್ನಬೇಕು, ಮನಸ್ಸಿಲ್ಲದಿದ್ದರೆ ಸುಮ್ಮನಿರಬಹುದು. ಸಭಾಪಾಲಕರು, ಎಂದರೆ ನಮ್ಮ ಪಾದ್ರಿ, ಇದನ್ನು ಕ್ಲಾಸಿನ ಮೊದಲ ದಿನವೇ ಹೇಳಿದ್ದರು. ನಮಗೆ ಆಶ್ಚರ್ಯ. ಆ ವಯಸ್ಸಿನ ತನಕ ‘ನಿನಗೆ ಮನಸ್ಸಿದೆಯಾ?’ ಅಂತ ನಮ್ಮನ್ನು ಯಾರೂ ಯಾವುದಕ್ಕೂ ಕೇಳಿರಲಿಲ್ಲ.

ಕ್ಲಾಸು ನಡೆಯುತ್ತಿದ್ದುದು ವಾರಕ್ಕೊಮ್ಮೆ, ಚರ್ಚಿನ ಹಿಂದಿನ ಕೋಣೆಯಲ್ಲಿ. ಹೊತ್ತು ಮಾತ್ರ ನಿಶ್ಚಿತವಿಲ್ಲ. ಅಪ್ಪಂದಿರು ಶಿಫ್ಟ್ ಕೆಲಸದವರು, ರಾತ್ರಿ ಪಾಳಿಯವರ ಮನೆಯಲ್ಲಿ ಬೆಳಗ್ಗೆ ಸದ್ದು ಮಾಡುವಂತಿಲ್ಲ. ಹಾಗಾಗಿ ಅಂಥ ಮನೆಯ ಮಕ್ಕಳು ಬೇಗ ಬಂದು ಕೋಣೆಯಲ್ಲೇ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದರು. ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಕರ್ತನ ಪ್ರಾರ್ಥನೆ, ದೀಕ್ಷಾಸ್ನಾನ, ಕರ್ತನ ಭೋಜನ, ಪಾಠ ಇಷ್ಟೇ. ಮನೆಯಲ್ಲಿ ತೆಲುಗು ಮಾತಾಡುವವರೂ ಕನ್ನಡದಲ್ಲೇ ಕಲಿತರು. ಪುಸ್ತಕದ ಕನ್ನಡ ಬೇರೆ, ನಮ್ಮ ಬಾಯಿಯ ಕನ್ನಡ ಬೇರೆ. ‘ಹೌದ್ರೀ, ಇಲ್ರೀ’ ಅನ್ನುವ ನಾವು ಅಲ್ಲಿ ಮಾತ್ರ ಹಳೆಯ ನಾಟಕದ ಪಾತ್ರಗಳ ಹಾಗೆ ಮಾತಾಡಬೇಕಿತ್ತು. ಒಬ್ಬ ಹುಡುಗ ಉಸಿರು ಬಿಡದೆ ವಿಶ್ವಾಸ ಪ್ರಮಾಣ ಹೇಳಿ ಮುಗಿಸಿದಾಗ ಸಭಾಪಾಲಕರು, ‘ರೈಲು ಅಳ್ನಾವರಕ್ಕ ಹೋತು, ಈಗ ತಿರುಗಿ ಬಾ, ನಡುವಿನ ಸ್ಟೇಶನ್‌ದಾಗೆಲ್ಲ ನಿಂತು ಬಾ’ ಅಂದರು. ನಮ್ಮೂರಿನ ರೈಲುದಾರಿ ಅಳ್ನಾವರಕ್ಕೆ ಹೋಗಿ ಸೇರುತ್ತದೆ, ಅದಕ್ಕೇ ಆ ಮಾತು.

ಈಗ ಈ ಪದ್ಧತಿ ನಮ್ಮ ಕಾಡಿಗೆ ಬಂದ ದಾರಿ. ತಾರೀಖುಗಳನ್ನು ಬೇಗ ಮುಗಿಸುತ್ತೇನೆ. ಜರ್ಮನಿಯ ಹೆಸ್ಸನ್ ಪ್ರಾಂತದ ಝೀಗನ್‌ಹೈನ್ ಎಂಬ ಪುಟ್ಟ ಊರಲ್ಲಿ 1539ರಲ್ಲಿ ಮಾರ್ಟಿನ್ ಬೂಟ್ಸರ್ ಎಂಬ ಸುಧಾರಕ ಈ ಕ್ರಮಕ್ಕೆ ನಿಯಮ ಬರೆದ. ನಾವಿರುವ ವ್ಯೂರ್ಟೆಂಬರ್ಗಿಗೆ ಅದು ಬಂದಿದ್ದು ಬಹಳ ತಡವಾಗಿ, 1722-23ರ ಹೊತ್ತಿಗೆ. ಆಮೇಲೆ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಬಾಸೆಲ್ ಮಿಶನ್ ಹುಟ್ಟಿತು. ಅದಕ್ಕೆ ಸೇರಿದ ಹುಡುಗರಲ್ಲಿ ಬಹಳ ಮಂದಿ ಇದೇ ವ್ಯೂರ್ಟೆಂಬರ್ಗಿನ ಲೂಥರನ್ ಹಳ್ಳಿಗಳವರು. ಅವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಧಾರವಾಡದಲ್ಲಿ ಇವತ್ತಿಗೂ ‘ಜರ್ಮನ್ ದವಾಖಾನೆ’ ಅಂದರೆ ಆಟೋದವರು ವಿಳಾಸ ಕೇಳುವುದಿಲ್ಲ.

ಆ ಮಿಶನ್ನಿನವರಲ್ಲಿ ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು ಬ್ರಾಕನ್‌ಹೈಮಿನಲ್ಲಿ, 1811ರಲ್ಲಿ. ನಮ್ಮ ಕೂಟದವರು ದ್ರಾಕ್ಷಿ ತೋಟ ನೋಡಲು ಹೋಗುವ ಅದೇ ಊರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದವರು ಅವರು. ನಾವು ಪುರಂದರದಾಸರ ಆರಾಧನೆಗೆ ಹಾಡುವ ದಾಸರ ಪದಗಳನ್ನು ಊರೂರಿಂದ ಕೂಡಿಸಿ ಅಚ್ಚು ಹಾಕಿಸಿದ್ದರಲ್ಲೂ ಅವರ ಕೈ ದೊಡ್ಡದು. ಪದಕೋಶದ ಕಿಟ್ಟೆಲ್ ಅವರು ಬೇರೆ ಪ್ರಾಂತದವರು, ಆದರೆ 1903ರಲ್ಲಿ ತೀರಿಕೊಂಡಿದ್ದು ಟ್ಯೂಬಿಂಗನ್‌ನಲ್ಲಿ. ನಿಮ್ಮಲ್ಲಿ ಕೆಲವರು ದಿನಾ ಬಸ್ಸು ಬದಲಿಸುವ ಊರು! ಮಕ್ಕಳೇ, ಒಂದು ಶನಿವಾರ ಮಾಲ್ ಬಿಟ್ಟು ಅಲ್ಲಿಗೆ ಹೋಗೋಣವೇ? ನಿಮ್ಮ ಅಪ್ಪಂದಿರನ್ನು ಕೇಳಿದರೆ ಪಾರ್ಕಿಂಗ್ ಸಿಗಲ್ಲ ಅನ್ನುತ್ತಾರೆ, ನನ್ನನ್ನು ಕೇಳಿ.

ಕ್ಲಾಸಿನಲ್ಲಿ ನನಗೆ ಬಹಳ ಇಷ್ಟವಾಗಿದ್ದು ಜರ್ಮನಿಯ ಚರ್ಚ್ ಸುಧಾರಕ ಲೂಥರ್ ಬರೆದ ಚಿಕ್ಕ ಪ್ರಶ್ನೋತ್ತರದ ಪುಸ್ತಕ. ನಮ್ಮ ಸಭಾಪಾಲಕರು ಆಜ್ಞೆಗಳನ್ನು ವಿವರಿಸುವಾಗ ಅದನ್ನೇ ಹಿಡಿಯುತ್ತಿದ್ದರು. 1528ರ ಸುಮಾರಿಗೆ ಲೂಥರ್ ಸಾಕ್ಸನಿಯ ಹಳ್ಳಿ ಸಭೆಗಳನ್ನು ನೋಡಿ ಬರಲು ಹೋದರು. ಜನರಿಗೆ ಕರ್ತನ ಪ್ರಾರ್ಥನೆಯೂ ಬಾರದು, ಕೆಲವು ಕಡೆ ಕಲಿಸುವ ಪಾದ್ರಿಗಳಿಗೇ ಸರಿಯಾಗಿ ಬಾರದು. ಮನೆಗೆ ಬಂದು ಸಿಟ್ಟಿನಲ್ಲೇ 1529ರಲ್ಲಿ ಈ ಪುಸ್ತಕ ಮಾಡಿದರು. ದಪ್ಪ ಗ್ರಂಥವಲ್ಲ, ಒಂದೊಂದು ಆಜ್ಞೆಗೂ ಅದೇ ಒಂದು ಪುಟ್ಟ ಪ್ರಶ್ನೆ, ಅದಕ್ಕೊಂದು ಪುಟ್ಟ ಉತ್ತರ. ಆ ಉತ್ತರದಲ್ಲೇ ಜಾಣತನ ಇರುವುದು. ‘ಮಾಡಬೇಡ’ ಎಂಬ ಪ್ರತಿ ಆಜ್ಞೆಯನ್ನೂ ಅವರು ‘ಮಾಡು’ ಅಂತ ತಿರುಗಿಸುತ್ತಾರೆ. ಕೊಲೆಯ ಆಜ್ಞೆ ತೆಗೆದುಕೊಳ್ಳಿ. ಯಾರನ್ನೂ ಕೊಲ್ಲಲಿಲ್ಲವಲ್ಲ, ಪಾಸಾದೆ ಅಂದುಕೊಂಡರೆ ಆಗಲಿಲ್ಲ. ನೆರೆಯವನಿಗೆ ಕಷ್ಟ ಬಂದಾಗ ಕೈ ಹಿಡಿದೆಯಾ ಎಂಬುದು ಲೆಕ್ಕ. ಕಳ್ಳತನ ಮಾಡದಿದ್ದರೆ ಸಾಲದು, ಅವನ ಬದುಕು ಅವನಿಗೆ ಉಳಿಯುವ ಹಾಗೆ ನೋಡಿಕೊಳ್ಳಬೇಕು. ಸುಳ್ಳು ಸಾಕ್ಷಿಯ ಆಜ್ಞೆಗೆ ಬಂದರೆ ಇನ್ನೂ ಕಷ್ಟ: ಬೇರೆಯವರ ನಡತೆಗೆ ಆದಷ್ಟು ಒಳ್ಳೆಯ ಅರ್ಥ ಹಚ್ಚಬೇಕು. ಕಾಲೊನಿಯ ನಲ್ಲಿ ಕಟ್ಟೆಯ ಹತ್ತಿರ ಈ ಆಜ್ಞೆ ಪಾಲಿಸುವುದು ಎಷ್ಟು ಕಷ್ಟ ಅಂತ ನಮ್ಮಮ್ಮ ಒಪ್ಪಿಕೊಂಡಿದ್ದರು.

ಇನ್ನೊಂದು ವಿಷಯ, ಇದು ನಮ್ಮಂಥ ಅಪ್ಪ-ಅಮ್ಮಂದಿರಿಗೆ. ಆ ಪುಸ್ತಕದ ಭಾಗಗಳ ತಲೆಬರಹ ನೋಡಿ. ಮನೆಯ ಯಜಮಾನ ತನ್ನ ಮನೆಯವರಿಗೆ ಸರಳವಾಗಿ ಕಲಿಸಬೇಕಾದ ರೀತಿ ಇದು ಅಂತ ಇದೆ. ಪಾದ್ರಿಗೂ ಮೇಷ್ಟರಿಗೂ ಬಿಟ್ಟುಕೊಟ್ಟು ಕೈ ತೊಳೆದುಕೊಳ್ಳುವ ಪುಸ್ತಕ ಅಲ್ಲ. ಈಗ ನಾವು ಮಾಡುತ್ತಿರುವುದು ಏನು? ಕನ್ನಡ ಕೂಟದ ಕ್ಲಾಸಿಗೆ, ದೇವರು ಚರ್ಚಿಗೋ ಗುಡಿಗೋ, ಈಜು ಈಜುಕೊಳಕ್ಕೆ. ಮಕ್ಕಳನ್ನು ಕಾರಿನಲ್ಲಿ ಬಿಟ್ಟು ಬರುವುದೇ ನಮ್ಮ ಪಾಲಿನ ಕಲಿಸುವಿಕೆ ಆಗಿದೆ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಮಕ್ಕಳೇ, ನೀವಿದ್ದೀರಲ್ಲ, ಮರೆತಿರಲಿಲ್ಲ. ಒಂದು ಜಗಳದ ಕಥೆ ಕೇಳಿ. ತಂದೆ-ತಾಯಿಯನ್ನು ಗೌರವಿಸಬೇಕು ಎಂಬುದು ಎಷ್ಟನೇ ಆಜ್ಞೆ? ಇಲ್ಲಿಯ ಕ್ಲಾಸಿನಲ್ಲಿ ಕಲಿತ ನನ್ನ ಮಗಳು ನಾಲ್ಕನೆಯದು ಅನ್ನುತ್ತಾಳೆ. ಧಾರವಾಡದಿಂದ ಅವಳ ಅಜ್ಜಿ ವೀಡಿಯೊ ಕಾಲ್‌ನಲ್ಲಿ ‘ಐದನೇದು, ನಿಮ್ಮ ಪಾದ್ರಿಗೆ ಲೆಕ್ಕ ಬರೂದಿಲ್ಲೇನು?’ ಅನ್ನುತ್ತಾರೆ. ಇಬ್ಬರೂ ಸರಿ. ವಿಗ್ರಹದ ಮಾತನ್ನು ಲೂಥರ್ ಮೊದಲನೆಯ ಆಜ್ಞೆಯಲ್ಲೇ ಸೇರಿಸಿ, ಕೊನೆಯ ದುರಾಶೆಯ ಆಜ್ಞೆಯನ್ನು ಎರಡು ಮಾಡಿ ಹತ್ತು ತುಂಬಿಸಿದರು. ಆಂಗ್ಲಿಕನ್ನರು ಮತ್ತು ಸ್ವಿಸ್ ಸುಧಾರಕರು ವಿಗ್ರಹದ್ದನ್ನು ಬೇರೆಯಾಗಿ ಎಣಿಸಿದರು. ನಮ್ಮ ಉತ್ತರ ಕರ್ನಾಟಕದ ಬಾಸೆಲ್ ಸಭೆಗಳು ಕಾಲಕ್ರಮದಲ್ಲಿ ದಕ್ಷಿಣ ಭಾರತ ಸಭೆಗೆ, ಎಂದರೆ ಸಿ.ಎಸ್.ಐ.ಗೆ ಸೇರಿದವು, ಅದು 1947ರಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮೊದಲಾದವರೆಲ್ಲ ಕೂಡಿ ಆದ ಸಭೆ. ಅಜ್ಜಿಯ ಐದು ಬಂದಿದ್ದು ಆ ಲೆಕ್ಕದಿಂದ. ತಮಾಷೆ ಅಂದರೆ ಲೂಥರ್ ಉಳಿಸಿಕೊಂಡಿದ್ದು ಕ್ಯಾಥೊಲಿಕರ ಹಳೆಯ ಎಣಿಕೆಯನ್ನೇ. ಹಳಿಯಾಳದ ನನ್ನ ಸಿದ್ದಿ ಗೆಳತಿ ಕ್ಯಾಥೊಲಿಕಳು, ಅವಳು ನನ್ನ ಮಗಳ ಪಕ್ಷ.

ಸಿದ್ದಿಯರ ಬಗ್ಗೆ ಇನ್ನೊಂದು ಸಲ ಪೂರ್ತಿ ಬರೆಯಬೇಕು. ಆಫ್ರಿಕಾದಿಂದ ಬಂದವರ ವಂಶದವರು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಕಾಡಂಚಿನ ಊರುಗಳಲ್ಲಿ ಅವರ ಮನೆಗಳು, ಅವರಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಮೂರೂ ಇದ್ದಾರೆ. ಗೆಳತಿಗೆ ದೃಢೀಕರಣದಲ್ಲಿ ಹಣೆಗೆ ಪರಿಮಳದ ಎಣ್ಣೆ ಹಚ್ಚಿದ್ದರು. ನಮಗೆ ತಲೆಯ ಮೇಲೆ ಕೈ ಇಡುವುದು ಮಾತ್ರ. ಅವಳು ಪರಮಪ್ರಸಾದ ತೆಗೆದುಕೊಂಡಿದ್ದು ದೃಢೀಕರಣಕ್ಕೆ ಎಷ್ಟೋ ವರ್ಷ ಮೊದಲೇ, ನಮಗೆ ಆಗ ದೃಢೀಕರಣ ಆಗದೆ ಕರ್ತನ ಭೋಜನ ಇರಲಿಲ್ಲ. ಬಸ್ಸಿನಲ್ಲಿ ಕೂತು ಇದನ್ನೆಲ್ಲ ಹೋಲಿಸುತ್ತಿದ್ದೆವು, ಯಾರದು ಹೆಚ್ಚು ಕಷ್ಟ ಅಂತ. ಮುಂಡಗೋಡಕ್ಕೆ ಹೋದಾಗ ಇಬ್ಬರೂ ಸೋತೆವು. ಟಿಬೆಟನ್ ಮಠದ ಅಂಗಳದಲ್ಲಿ ನಮ್ಮದೇ ವಯಸ್ಸಿನ ಹುಡುಗರು, ಒಬ್ಬ ಕೂತಿದ್ದಾನೆ, ಒಬ್ಬ ನಿಂತಿದ್ದಾನೆ, ನಿಂತವನು ಕಾಲು ಅಪ್ಪಳಿಸಿ ಅಂಗೈ ತಟ್ಟಿ ಪ್ರಶ್ನೆ ಎಸೆಯುತ್ತಾನೆ. ಕೂತವನು ತಕ್ಷಣ ಉತ್ತರ ಕೊಡಬೇಕು. ಬಾಯಿಪಾಠ ಮಾಡಿದ ಗ್ರಂಥದ ಮೇಲೆ ಇಷ್ಟು ಜೋರಾಗಿ ವಾದ ಮಾಡಬಹುದು ಅಂತ ಆವತ್ತು ಕಂಡೆ. ಮುಂದಿನ ಕ್ಲಾಸಿನಲ್ಲಿ ನಮ್ಮವನೊಬ್ಬ ಚಪ್ಪಾಳೆ ತಟ್ಟಿ ಸಭಾಪಾಲಕರಿಗೇ ಪ್ರಶ್ನೆ ಹಾಕಿದ. ಅವರು ಬೈಯಲಿಲ್ಲ, ಉತ್ತರ ಕೊಟ್ಟರು.

ದೃಢೀಕರಣಕ್ಕೆ ಧಾರವಾಡದಿಂದ ಬಿಷಪ್ಪರು ಬಂದಿದ್ದರು. ಹುಡುಗಿಯರಿಗೆ ಬಿಳಿ ಸೀರೆ, ನನಗೆ ಅದೇ ಮೊದಲ ಸೀರೆ. ಅಮ್ಮ, ಪಕ್ಕದ ಮನೆಯವರು, ಸಂಡೇ ಸ್ಕೂಲಿನ ಟೀಚರ್ ಮೂವರೂ ಕೂಡಿ ಉಡಿಸಿ ಕಂಡಕಂಡಲ್ಲಿ ಪಿನ್ನು ಚುಚ್ಚಿದ್ದರು. ಮಂಡಿಯೂರಿದಾಗ ಒಂದು ಪಿನ್ನು ಬಿಚ್ಚಿತು. ಬಿಷಪ್ಪರ ಪ್ರಾರ್ಥನೆಯಷ್ಟೇ ಆ ಪಿನ್ನಿನ ಚುಚ್ಚೂ ನೆನಪಿದೆ. ಆಮೇಲೆ ಪ್ರತಿಯೊಬ್ಬರಿಗೂ ಬೈಬಲಿನ ಒಂದು ವಾಕ್ಯ ಬರೆದ ಪತ್ರ ಕೊಟ್ಟರು. ಮನೆಯಲ್ಲಿ ಕೋಳಿ ಸಾರು, ರೊಟ್ಟಿ, ಗೋದಿ ಹುಗ್ಗಿ.

ಇಲ್ಲಿ ಹೇಗೆ ಅಂತ ನನ್ನ ಮಗಳೇ ನಿಮಗೆ ಹೇಳುತ್ತಾಳೆ: ಬುಧವಾರ ಮಧ್ಯಾಹ್ನದ ಕ್ಲಾಸು, ಬೇಸಿಗೆಯ ಕ್ಯಾಂಪು, ಕೈ ಇಡುವುದಕ್ಕೆ ಬಿಷಪ್ ಬೇಡ, ಪಾದ್ರಿಯೇ ಸಾಕು. 1921ರ ಕಾಯಿದೆಯ ಪ್ರಕಾರ ಜರ್ಮನಿಯಲ್ಲಿ ಹದಿನಾಲ್ಕು ತುಂಬಿದ ಮೇಲೆ ಧರ್ಮದ ವಿಷಯದಲ್ಲಿ ಮಕ್ಕಳೇ ತೀರ್ಮಾನ ಮಾಡಬಹುದು. ಹಾಗಾಗಿ ಇಲ್ಲಿ ‘ಮನಸ್ಸಿದೆಯಾ?’ ಎಂಬ ಪ್ರಶ್ನೆಗೆ ಕಾನೂನಿನ ತೂಕವೂ ಇದೆ. ಅವಳಿಗೆ ಮನಸ್ಸಿದೆ. ನನಗೆ ಇರುವ ಆತಂಕ ಬೇರೆ. ಅವಳು ಕರ್ತನ ಪ್ರಾರ್ಥನೆಯನ್ನು ಜರ್ಮನ್‌ನಲ್ಲಿ ನಿದ್ದೆಯಲ್ಲೂ ಹೇಳುತ್ತಾಳೆ. ಕನ್ನಡದಲ್ಲಿ ಅರ್ಧಕ್ಕೆ ನಿಂತು ನನ್ನ ಮುಖ ನೋಡುತ್ತಾಳೆ. ಅಜ್ಜಿಯ ಜೊತೆ ಫೋನಿನಲ್ಲಿ ಪ್ರಾರ್ಥನೆ ಮಾಡುವಾಗ ಇಬ್ಬರೂ ಎರಡು ಭಾಷೆಯಲ್ಲಿ ಒಟ್ಟಿಗೆ ಶುರು ಮಾಡಿ ಬೇರೆ ಬೇರೆ ಹೊತ್ತಿಗೆ ಮುಗಿಸುತ್ತಾರೆ. ಅಜ್ಜಿಗೆ ಈಗ ವಯಸ್ಸಾಗಿದೆ, ಕಿವಿ ಮಂದ, ಜರ್ಮನ್ ಕಲಿಯುವ ಹಾಗಿಲ್ಲ. ಕಲಿಯಬೇಕಾದವಳು ಇವಳೇ, ಕಲಿಸಬೇಕಾದವಳು ನಾನೇ.

ಹಾಗಾಗಿ ಈ ಚಳಿಗಾಲದಲ್ಲಿ ನಮ್ಮ ಅಡುಗೆಮನೆಯಲ್ಲಿ ಕನ್ನಡದ ದೃಢೀಕರಣ ಕ್ಲಾಸು ಶುರು ಮಾಡುತ್ತಿದ್ದೇನೆ. ನಮ್ಮ ಹಾಗೆ ಹುಬ್ಬಳ್ಳಿ, ಗದಗ, ಮಂಗಳೂರು ಕಡೆಯ ಬಾಸೆಲ್ ಮನೆತನದ ಮಕ್ಕಳು ಬರಲಿ. ಬೇರೆ ಮನೆಯ ಮಕ್ಕಳೂ ಕನ್ನಡ ಓದುವುದಕ್ಕೆ ಬರಬಹುದು, ಚಹಾದ ಜೊತೆ ಚುರುಮುರಿ ಇರುತ್ತದೆ. ಅಜ್ಜಿಯ ಹಳೆಯ ಪುಸ್ತಕದ ಹಾಳೆಗಳ ಫೋಟೊ ತರಿಸಿಕೊಂಡು ಪ್ರಿಂಟ್ ತೆಗೆದಿದ್ದೇನೆ. ಅಕ್ಷರ ಸಣ್ಣದು, ಅಪ್ಪ-ಅಮ್ಮಂದಿರು ಕನ್ನಡಕ ತರಬೇಕು. ಮಕ್ಕಳನ್ನು ಬಿಟ್ಟು ಹೋಗುವ ವ್ಯವಸ್ಥೆ ಇಲ್ಲ, ಕೂತು ಜೊತೆಗೆ ಓದಬೇಕು.