ಜಾನ್ ನ್ಯೂಟನನ ಚರಿತ್ರೆ

ಕ್ರೈಸ್ತ ಆರಾಧನೆಯಲ್ಲಿ ಹಾಡಲ್ಪಡುವ ಇಂಗ್ಲಿಷ್ ಗೀತೆಗಳಲ್ಲಿ ‘ಅಮೇಜಿಂಗ್ ಗ್ರೇಸ್’ ಎಂಬುದಕ್ಕೆ ದೊರೆತಷ್ಟು ಪ್ರಚಾರವು ಕೆಲವಕ್ಕೆ ಮಾತ್ರ ದೊರೆತಿದೆ. ಅದನ್ನು ರಚಿಸಿದ ಜಾನ್ ನ್ಯೂಟನನ ಕಥೆಯನ್ನೂ ಅನೇಕರು ಬಲ್ಲರು. ಆದರೆ ಸಭೆಗಳಲ್ಲಿಯೂ ಸಂಡೇಸ್ಕೂಲುಗಳಲ್ಲಿಯೂ ಹೇಳಿಬರುವ ಕಥೆಯು ಬಹು ಚಿಕ್ಕದು. ಗುಲಾಮರನ್ನು ಸಾಗಿಸುತ್ತಿದ್ದ ದುಷ್ಟ ನಾವಿಕನೊಬ್ಬನು ಬಿರುಗಾಳಿಗೆ ಸಿಕ್ಕಿ, ದೇವರಿಗೆ ಮೊರೆಯಿಟ್ಟು, ಆ ವ್ಯಾಪಾರವನ್ನು ಅಂದೇ ತ್ಯಜಿಸಿ ಬೋಧಕನಾದನೆಂದು ಅದರ ಸಾರಾಂಶ. ನಡೆದುದು ಹಾಗಲ್ಲ. ನಡೆದ ಪ್ರಕಾರವೇ ಅದನ್ನು ನಮ್ಮ ವಿದ್ಯಾರ್ಥಿನಿಯರ ಮುಂದೆ ಇಡುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ನ್ಯೂಟನನು 1725ರಲ್ಲಿ ಲಂಡನ್ನಿನ ವಾಪಿಂಗ್ ಎಂಬ ಕಡೆ ಹುಟ್ಟಿದನು. ತಂದೆಯು ವ್ಯಾಪಾರದ ಹಡಗಿನ ಕಪ್ತಾನನು. ತಾಯಿಯಾದ ಎಲಿಜಬೆತಳು ದೈವಭಕ್ತೆ. ಮಗನಿಗೆ ತಾನೇ ಓದು ಕಲಿಸಿ, ಸತ್ಯವೇದದ ವಚನಗಳನ್ನೂ ಗೀತೆಗಳನ್ನೂ ಬಾಯಿಪಾಠ ಮಾಡಿಸಿದಳು. ಮಗನಿಗೆ 7 ವರ್ಷ ತುಂಬುವ ಮೊದಲೇ ಆಕೆಯು ಕ್ಷಯರೋಗದಿಂದ ತೀರಿಕೊಂಡಳು. 11ನೆಯ ವಯಸ್ಸಿನಲ್ಲಿ ಬಾಲಕನು ತಂದೆಯ ಹಡಗನ್ನೇರಿದನು. ತಾಯಿ ಕಲಿಸಿದುದೆಲ್ಲವೂ ಸಮುದ್ರದ ಮೇಲೆ ಕ್ರಮೇಣ ಮರೆತುಹೋಯಿತು.

1744ರಲ್ಲಿ ಆತನನ್ನು ಬಲಾತ್ಕಾರವಾಗಿ ಹಿಡಿದು ಯುದ್ಧದ ಹಡಗಿಗೆ ಸೇರಿಸಿದರು. ಅಲ್ಲಿಂದ ತಪ್ಪಿಸಿಕೊಂಡು ಓಡಿ, ಸಿಕ್ಕಿಬಿದ್ದು, ಛಡಿಯೇಟು ತಿಂದನು. ಬಳಿಕ ಗುಲಾಮರ ಹಡಗೊಂದಕ್ಕೆ ವರ್ಗವಾಗಿ, ಆಫ್ರಿಕದ ಪಶ್ಚಿಮ ತೀರದಲ್ಲಿ ಸಿಯೆರಾ ಲಿಯೋನಿಗೆ ಸಮೀಪವಾದ ಪ್ಲಾಂಟೇನ್ ದ್ವೀಪಗಳಲ್ಲಿ ಒಬ್ಬ ಬಿಳಿಯ ವ್ಯಾಪಾರಿಯ ಕೆಳಗೆ ಕೆಲಸಕ್ಕೆ ನಿಂತನು. ಅಲ್ಲಿ ಜ್ವರ ಬಂದು ಮಲಗಿದಾಗ ಯಜಮಾನನ ಮನೆಯಲ್ಲಿ ನೀರು ಕೊಡುವವರು ಸಹ ಇರಲಿಲ್ಲ. ಆಗ ಸಂಕೋಲೆಯಲ್ಲಿದ್ದ ಗುಲಾಮರೇ ತಮಗೆ ಸಿಗುತ್ತಿದ್ದ ಅಲ್ಪ ಆಹಾರದಲ್ಲಿ ಸ್ವಲ್ಪವನ್ನು ಉಳಿಸಿ, ಯಾರ ಕಣ್ಣಿಗೂ ಬೀಳದಂತೆ ತಂದುಕೊಟ್ಟರೆಂದು ಆತನೇ ಮುಂದೆ ಬರೆದಿದ್ದಾನೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ತಂದೆಯ ಕೋರಿಕೆಯಂತೆ ‘ಗ್ರೇಹೌಂಡ್’ ಎಂಬ ಹಡಗು ಆತನನ್ನು ಹುಡುಕಿ ಕರೆತಂದಿತು. ದಂತವನ್ನೂ ಜೇನುಮೇಣವನ್ನೂ ತುಂಬಿಕೊಂಡು ಹಿಂದಿರುಗುತ್ತಿದ್ದ ಆ ಹಡಗಿನಲ್ಲಿ ಗುಲಾಮರಿರಲಿಲ್ಲ. 1748ನೆಯ ಮಾರ್ಚಿಯಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಬಿರುಗಾಳಿಯೆದ್ದು ಹಡಗು ಒಡೆದು ನೀರು ನುಗ್ಗಿತು. ಅಂದು ನ್ಯೂಟನನ ಬಾಯಿಂದ ಎಷ್ಟೋ ವರ್ಷಗಳ ಮೇಲೆ ದೇವರ ನಾಮವು ಹೊರಟಿತು. ಸುಮಾರು ನಾಲ್ಕು ವಾರ ಅಲೆದು, ಅವರು ಐರ್ಲೆಂಡಿನ ತೀರವನ್ನು ಸೇರಿದರು. ಜೀವಮಾನವಿಡೀ ಆ ದಿನವನ್ನು ಆತನು ಕೃತಜ್ಞತೆಯಿಂದ ಆಚರಿಸಿದನು.

ಕಿರುಕಥೆಯು ಇಲ್ಲಿಗೆ ಮುಗಿಯುತ್ತದೆ. ಆದರೆ ಅದೇ ವರ್ಷ ಆತನು ‘ಬ್ರೌನ್ಲೋ’ ಎಂಬ ಗುಲಾಮರ ಹಡಗಿನಲ್ಲಿ ಕಪ್ತಾನನಿಗೆ ಎರಡನೆಯವನಾಗಿ ಮತ್ತೆ ಆಫ್ರಿಕಕ್ಕೆ ಹೊರಟನು. ಇಂಗ್ಲೆಂಡಿನಿಂದ ಬಟ್ಟೆ, ಬಂದೂಕು, ಹಿತ್ತಾಳೆಯ ಸಾಮಾನುಗಳನ್ನು ಒಯ್ದು, ಆಫ್ರಿಕದಲ್ಲಿ ಅವುಗಳಿಗೆ ಬದಲಾಗಿ ಮನುಷ್ಯರನ್ನು ಕೊಂಡು, ಅವರನ್ನು ಅಮೇರಿಕದಲ್ಲಿಯೂ ವೆಸ್ಟ್ ಇಂಡೀಸಿನಲ್ಲಿಯೂ ಮಾರಿ, ಸಕ್ಕರೆ ಮೊದಲಾದುವನ್ನು ತುಂಬಿಕೊಂಡು ಮರಳುವುದು ಈ ವ್ಯಾಪಾರದ ರೀತಿ. ‘ಬ್ರೌನ್ಲೋ’ ಹಡಗು 218 ಮಂದಿಯನ್ನು ಹೊತ್ತು ಆಫ್ರಿಕದ ತೀರವನ್ನು ಬಿಟ್ಟಿತು. ದಕ್ಷಿಣ ಕ್ಯಾರೊಲೈನವನ್ನು ಮುಟ್ಟುವಷ್ಟರಲ್ಲಿ 62 ಮಂದಿಯ ಹೆಣಗಳನ್ನು ಸಮುದ್ರಕ್ಕೆ ಎಸೆಯಲಾಗಿತ್ತು.

1750ರಲ್ಲಿ, ಬಹುಕಾಲ ಪ್ರೀತಿಸಿದ್ದ ಮೇರಿ ಕ್ಯಾಟ್ಲೆಟ್ ಎಂಬಾಕೆಯನ್ನು ವಿವಾಹವಾಗಿ, ಅದೇ ವರ್ಷ ತಾನೇ ಕಪ್ತಾನನಾದನು. 1754ರವರೆಗೆ ಮೂರು ಯಾನಗಳು ನಡೆದುವು. ಭಾನುವಾರಗಳಲ್ಲಿ ನಾವಿಕರನ್ನು ಕೂಡಿಸಿ ಎರಡು ಹೊತ್ತು ಪ್ರಾರ್ಥನೆ ನಡೆಸುತ್ತಿದ್ದನು. ಬಿಡುವಾದಾಗಲೆಲ್ಲ ಹೆಂಡತಿಗೆ ಅತ್ಯಂತ ಕೋಮಲವಾದ ಪತ್ರಗಳನ್ನು ಬರೆಯುತ್ತಿದ್ದನು. ಆತನ ಕಾಲ ಕೆಳಗಿನ ಅಂತಸ್ತಿನಲ್ಲಿದ್ದವರಿಗೂ ಗಂಡಂದಿರಿದ್ದರು, ಹೆಂಡಿರಿದ್ದರು, ತಾಯಂದಿರಿದ್ದರು. 1752ನೆಯ ಡಿಸೆಂಬರಿನಲ್ಲಿ ಗುಲಾಮರು ದಂಗೆಯೇಳುವರೆಂಬ ಸುಳಿವು ಸಿಕ್ಕಿದಾಗ, ಹುಡುಗರಿಗೆ ಬೇಡಿ ಹಾಕಿಸಿ, ಹೆಬ್ಬೆರಳನ್ನು ತಿರುಪಿನಿಂದ ಬಿಗಿಯುವ ಕಬ್ಬಿಣದ ಯಂತ್ರದಲ್ಲಿ ಅವರ ಬೆರಳುಗಳನ್ನು ಇಕ್ಕಿಸಿ ನಿಜವನ್ನು ಹೊರಡಿಸಲು ಯತ್ನಿಸಿದನು. ಇದು ಆತನದೇ ದಿನಚರಿಯಲ್ಲಿದೆ. ಅನ್ನವಿಟ್ಟ ಕೈಗಳಿಗೆ ಬೇಡಿಯಿತ್ತು. ಈಗ ಬೇಡಿ ಹಾಕಿಸುವ ಅಧಿಕಾರವು ಉಂಡವನ ಕೈಗೆ ಬಂದಿತ್ತು.

ಚರಿತ್ರೆಯ ತರಗತಿಯಲ್ಲಿ ಈ ಭಾಗವನ್ನು ಕಲಿಸಿದಾಗ, ಬೆಳಗಿನ ಪ್ರಾರ್ಥನೆಯಲ್ಲಿ ಹಾಡಿದ ಗೀತೆಯ ಕರ್ತೃವೂ ಪಾಠದಲ್ಲಿ ಬಂದ ಕಪ್ತಾನನೂ ಒಬ್ಬನೇ ಎಂದು ತಿಳಿದ ವಿದ್ಯಾರ್ಥಿನಿಯೊಬ್ಬಳು, ಆತನು ಆಗ ಕ್ರೈಸ್ತನಾಗಿದ್ದನೋ ಇಲ್ಲವೋ, ಇನ್ನು ಮುಂದೆ ಆ ಗೀತೆಯನ್ನು ಹಾಡಬಹುದೋ ಬಾರದೋ ಎಂದು ಕೇಳಿದಳು. ಮೊದಲನೆಯ ಪ್ರಶ್ನೆಗೆ ಉತ್ತರವು ಸುಲಭ: ಆಗಿದ್ದನು. ಎರಡನೆಯದಕ್ಕೆ ಆತನ ಉಳಿದ ಆಯುಷ್ಯವನ್ನು ನೋಡದೆ ಉತ್ತರ ಕೊಡುವಂತಿಲ್ಲವೆಂದು ನಾವು ಆಕೆಗೆ ಹೇಳಿದೆವು. ಆ ಕಾಲದಲ್ಲಿ ಎಲ್ಲರೂ ಹಾಗೆಯೇ ತಿಳಿದಿದ್ದರೆಂಬ ಸಮಾಧಾನವನ್ನು ಮಾತ್ರ ನಾವು ಒಪ್ಪಲಾರೆವು. ಅಮೇರಿಕದ ಜಾನ್ ವುಲ್ಮನ್ ಎಂಬ ಕ್ವೇಕರ್ ಪಂಥದವನು, ಮನುಷ್ಯರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳುವುದು ಕ್ರಿಸ್ತನ ಮಾರ್ಗಕ್ಕೆ ವಿರೋಧವೆಂದು ಪುಸ್ತಕವನ್ನು ಅಚ್ಚುಹಾಕಿಸಿದುದು ಇದೇ 1754ರಲ್ಲಿ.

ನ್ಯೂಟನನು ಸಮುದ್ರವನ್ನು ಬಿಟ್ಟುದು ಪಶ್ಚಾತ್ತಾಪದಿಂದಲ್ಲ. 1754ರಲ್ಲಿ ಇದ್ದಕ್ಕಿದ್ದಂತೆ ಮೂರ್ಛೆ ಬಂದು, ವೈದ್ಯರು ಯಾನವು ಬೇಡವೆಂದರು. ಮರುವರ್ಷ ಲಿವರ್‌ಪೂಲ್ ರೇವಿನಲ್ಲಿ ಸುಂಕದ ಅಧಿಕಾರಿಯಾದನು. ಹೀಬ್ರೂ ಗ್ರೀಕ್ ಭಾಷೆಗಳನ್ನು ಸ್ವಂತ ಪ್ರಯತ್ನದಿಂದ ಕಲಿತು, 1764ರಲ್ಲಿ ದೀಕ್ಷೆ ಪಡೆದು, ಓಲ್ನಿ ಎಂಬ ಊರಿನ ಸಭಾಪಾಲಕನಾದನು. ಅದೇ ವರ್ಷ ಆತನ ಆತ್ಮಕಥೆ ಹೊರಬಂದಿತು. ಯೌವನದ ದುರ್ನಡತೆಗಳನ್ನು ಅದರಲ್ಲಿ ಮರೆಮಾಚದೆ ಹೇಳಿದ್ದಾನೆ. ಆದರೆ ಮನುಷ್ಯರನ್ನು ಮಾರಿದುದು ಆ ಪಾಪಗಳ ಲೆಕ್ಕದಲ್ಲಿ ಸೇರಿಲ್ಲ. ಓಲ್ನಿಯ ಬಡಜನರಿಗೆ, ಅದರಲ್ಲಿಯೂ ಮನೆಯಲ್ಲಿ ಕುಳಿತು ಲೇಸು ನೇಯುವ ಹೆಂಗಸರಿಗೆ, ಆತನು ಬಹಳ ಬೇಕಾದವನಾಗಿದ್ದನು. ‘ಅಮೇಜಿಂಗ್ ಗ್ರೇಸ್’ ಗೀತೆಯು ಅಲ್ಲಿ 1773ನೆಯ ಹೊಸವರ್ಷದ ದಿನದ ಬೋಧನೆಗಾಗಿ ಸಿದ್ಧವಾಯಿತು. ಕವಿ ವಿಲಿಯಂ ಕೂಪರನೊಡನೆ ಸೇರಿ ಪ್ರಕಟಿಸಿದ ಗೀತಸಂಗ್ರಹದಲ್ಲಿ ಅದು 1779ರಲ್ಲಿ ಅಚ್ಚಾಯಿತು.

1780ರಲ್ಲಿ ನ್ಯೂಟನನು ಲಂಡನ್ನಿನ ಸೇಂಟ್ ಮೇರಿ ವುಲ್ನಾತ್ ದೇವಾಲಯಕ್ಕೆ ಬಂದನು. 1785ನೆಯ ಡಿಸೆಂಬರಿನಲ್ಲಿ ವಿಲ್ಬರ್‌ಫೋರ್ಸ್ ಎಂಬ ಪಾರ್ಲಿಮೆಂಟಿನ ತರುಣ ಸದಸ್ಯನು ಗುಟ್ಟಾಗಿ ಆತನನ್ನು ಕಾಣಲು ಬಂದನು. ರಾಜಕಾರ್ಯವನ್ನು ಬಿಟ್ಟು ಧರ್ಮಜೀವನಕ್ಕೆ ಇಳಿಯಬೇಕೆಂಬ ತಳಮಳ ಆತನಿಗಿತ್ತು. ಇರುವಲ್ಲಿಯೇ ಇದ್ದು ದೇವರ ಸೇವೆ ಮಾಡೆಂದು ವೃದ್ಧನು ಬುದ್ಧಿ ಹೇಳಿದನು. ಗುಲಾಮರ ವ್ಯಾಪಾರವನ್ನು ನಿಲ್ಲಿಸುವುದಕ್ಕಾಗಿ ವಿಲ್ಬರ್‌ಫೋರ್ಸನು ಮುಂದೆ 20 ವರ್ಷ ಹೋರಾಡಿದುದು ವಿದ್ಯಾರ್ಥಿನಿಯರಿಗೆ ತಿಳಿದೇ ಇದೆ.

ಕಡೆಗೆ 1788ರಲ್ಲಿ, ಸಮುದ್ರವನ್ನು ಬಿಟ್ಟು 34 ವರ್ಷಗಳಾದ ಮೇಲೆ, ನ್ಯೂಟನನು ಬಾಯಿ ತೆರೆದನು. ಆಫ್ರಿಕದ ಗುಲಾಮರ ವ್ಯಾಪಾರವನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಬರೆದು, ತಾನೂ ಅದರಲ್ಲಿ ಕೈಹಾಕಿದವನೆಂಬುದನ್ನು ಮೊದಲಿಗೇ ಒಪ್ಪಿಕೊಂಡನು. ಕಪಾಟಿನಲ್ಲಿ ಪುಸ್ತಕಗಳನ್ನು ಜೋಡಿಸಿದಂತೆ ಜನರನ್ನು ಒತ್ತಾಗಿ ಮಲಗಿಸುತ್ತಿದ್ದುದು, ಬೆಳಗಾದಾಗ ಒಂದೇ ಸಂಕೋಲೆಯಲ್ಲಿ ಜೀವಂತನೂ ಸತ್ತವನೂ ಕಾಣುತ್ತಿದ್ದುದು, ಹೆಂಗಸರ ಮಾನಕ್ಕೆ ಹಡಗಿನಲ್ಲಿ ರಕ್ಷಣೆಯಿಲ್ಲದುದು, ರಾತ್ರಿ ಅತ್ತು ನಿದ್ರೆಗೆಡಿಸಿದ ಒಂದು ಕೂಸನ್ನು ತಾಯಿಯ ತೋಳಿನಿಂದ ಕಿತ್ತು ನಾವಿಕನೊಬ್ಬನು ಸಮುದ್ರಕ್ಕೆ ಎಸೆದುದು—ಎಲ್ಲವೂ ಅದರಲ್ಲಿದೆ. ಮೇಲೆ ಹೇಳಿದ 62ರ ಲೆಕ್ಕವು ನಮಗೆ ದೊರೆತಿರುವುದೂ ಆ ಪುಸ್ತಕದಿಂದಲೇ. ಅದನ್ನು ಪಾರ್ಲಿಮೆಂಟಿನ ಸದಸ್ಯರಿಗೆ ಹಂಚಿದರು. 1790ರಲ್ಲಿ ಕಾಮನ್ಸ್ ಸಭೆಯ ಸಮಿತಿಯ ಮುಂದೆಯೂ ಆತನು ಸಾಕ್ಷ್ಯ ನುಡಿದನು. ಹಡಗಿನ ಕೆಳ ಅಂತಸ್ತನ್ನು ಮೇಲಿನಿಂದ ನೋಡಿದವನ ಸಾಕ್ಷ್ಯವಿದು. ಅಲ್ಲಿ ಮಲಗಿದವನ ಮಾತನ್ನೂ ಕೇಳಬೇಕೆನ್ನುವವರು, ಗುಲಾಮಗಿರಿಯಿಂದ ತನ್ನನ್ನು ತಾನೇ ಹಣ ಕೊಟ್ಟು ಬಿಡಿಸಿಕೊಂಡ ಒಲೌಡ ಎಕ್ವಿಯಾನೋ ಎಂಬವನು 1789ರಲ್ಲಿ ಪ್ರಕಟಿಸಿದ ಆತ್ಮಕಥೆಯನ್ನು ಓದಬೇಕು.

1807ನೆಯ ಮಾರ್ಚಿ 25ರಂದು, ಬ್ರಿಟಿಷರು ಗುಲಾಮರ ವ್ಯಾಪಾರವನ್ನು ನಡೆಸಕೂಡದೆಂಬ ಕಾನೂನಿಗೆ ಅರಸನ ಅಂಕಿತವು ಬಿದ್ದಿತು. ಆಗಲೇ ಕೊಂಡಿದ್ದ ಗುಲಾಮರಿಗೆ ಅದರಿಂದ ಬಿಡುಗಡೆಯಾಗಲಿಲ್ಲ. ಅವರ ಬಿಡುಗಡೆಯ ಕಾನೂನು 1833ರಲ್ಲಿ ಬಂದಿತು. ಆಗ 2 ಕೋಟಿ ಪೌಂಡುಗಳ ಪರಿಹಾರವನ್ನು ಕೊಟ್ಟುದು ಯಜಮಾನರಿಗೆ. ದುಡಿದವರಿಗೆ ಒಂದು ಕಾಸೂ ಇಲ್ಲ. ಕಂಪನಿಯ ಆಳ್ವಿಕೆಯಲ್ಲಿದ್ದ ನಮ್ಮ ದೇಶವನ್ನು ಆ ಕಾನೂನಿನಿಂದ ಹೊರಗಿಟ್ಟಿದ್ದರು. ಇಲ್ಲಿಯ ನ್ಯಾಯಸ್ಥಾನಗಳು ಗುಲಾಮಗಿರಿಯನ್ನು ಮಾನ್ಯ ಮಾಡಕೂಡದೆಂದು 1843ರಲ್ಲಿ ಬೇರೆ ಕಾನೂನು ಆಯಿತು.

ಕಣ್ಣು ಮಂಜಾಗಿ ಓದಲಾರದೆ ಹೋದರೂ ಬೋಧಿಸುವುದನ್ನು ಬಹುಕಾಲ ಬಿಡದಿದ್ದ ನ್ಯೂಟನನು 1807ನೆಯ ಡಿಸೆಂಬರ್ 21ರಂದು, ತನ್ನ 82ನೆಯ ವಯಸ್ಸಿನಲ್ಲಿ ತೀರಿಕೊಂಡನು. ಸಮಾಧಿಯ ಮೇಲಿನ ಬರಹವನ್ನು ಆತನೇ ಮೊದಲು ರಚಿಸಿಟ್ಟಿದ್ದನು. ಒಂದು ಕಾಲದಲ್ಲಿ ನಾಸ್ತಿಕನಾಗಿದ್ದುದೂ, ಆಫ್ರಿಕದಲ್ಲಿ ಗುಲಾಮರಿಗೂ ಸೇವಕನಾಗಿ ಬಿದ್ದಿದ್ದುದೂ, ಕ್ರಿಸ್ತನ ಕರುಣೆಯಿಂದ ಕ್ಷಮೆ ಹೊಂದಿದುದೂ ಅದರಲ್ಲಿವೆ. ಗುಲಾಮರ ಹಡಗಿಗೆ ಕಪ್ತಾನನಾಗಿದ್ದುದು ಆ ಕಲ್ಲಿನ ಮೇಲೆ ಇಲ್ಲ. ಅದನ್ನು ತಿಳಿಯಬೇಕಾದವರು 1788ರ ಪುಸ್ತಕವನ್ನೇ ತೆರೆಯಬೇಕು.