ಲೆಕ್ಕದ ಕಚೇರಿಯಲ್ಲಿ ಸರ್ ಸಿ. ವಿ. ರಾಮನ್

ಬೆಂಗಳೂರಿನಲ್ಲಿ 1970ರಲ್ಲಿ ತೀರಿಕೊಂಡ ವಿಜ್ಞಾನಿ ಸರ್ ಸಿ. ವಿ. ರಾಮನ್ ಅವರು ಮೊದಲು ಸೇರಿದ್ದು ಸರ್ಕಾರದ ಲೆಕ್ಕದ ಇಲಾಖೆಗೆ ಎಂಬುದು ನಮ್ಮ ಸದಸ್ಯ ಬಾಂಧವರಲ್ಲಿ ಅನೇಕರಿಗೆ ಗೊತ್ತಿರಲಿಕ್ಕಿಲ್ಲ. ವಿಜ್ಞಾನ ಓದಿದವರಿಗೆ ಆಗ ಕೆಲಸವೆಲ್ಲಿತ್ತು? ಇತಿಹಾಸ, ಅರ್ಥಶಾಸ್ತ್ರವನ್ನೆಲ್ಲ ಓದಿಕೊಂಡು ಹಣಕಾಸು ಇಲಾಖೆಯ ಪರೀಕ್ಷೆಗೆ ಕೂತು ಮೊದಲನೆಯವರಾಗಿ ಪಾಸಾದರು. 1907ರಲ್ಲಿ, ಇನ್ನೂ 18ರ ಹುಡುಗ, ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆದರು. ಬೆಳಗಿನ ಜಾವ ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಶಾಲೆ, ಹಗಲೆಲ್ಲ ಜಮಾ-ಖರ್ಚು, ಸಂಜೆ ಮತ್ತೆ ಪ್ರಯೋಗ. ನಡುವೆ ರಂಗೂನ್, ನಾಗಪುರಕ್ಕೆ ವರ್ಗವಾಯಿತು; ಆಗಲೂ ಪ್ರಯೋಗ ಬಿಡಲಿಲ್ಲ. ಹತ್ತು ವರ್ಷ ಹೀಗೇ! 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ಬಂತು. ಸಂಬಳ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತಿತ್ತು. ಸಂಸಾರಸ್ಥರಾದ ನಾವಾದರೆ ನಾಲ್ಕು ಸಲ ಯೋಚಿಸುತ್ತಿದ್ದೆವು. ಅವರು ಸರ್ಕಾರಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು. 1930ರ ನೊಬೆಲ್ ಪಾರಿತೋಷಕ ತಂದ ಬೆಳಕಿನ ಶೋಧ, 1928ರಲ್ಲಿ, ಆದದ್ದು ಅದೇ ಬೌಬಜಾರಿನ ಪ್ರಯೋಗಶಾಲೆಯಲ್ಲಿ.