ನೀರಿನ ಬಲವನ್ನು ಅರಿತ ಎಂಜಿನಿಯರ್



ಮುನಿರಾಬಾದಿನ ಬಳಿಯ ತುಂಗಭದ್ರಾ ಅಣೆಕಟ್ಟನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಅದಕ್ಕೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಚೈನು ತುಂಡಾಗಿ, ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ನದಿಗೆ ಧುಮ್ಮಿಕ್ಕಿತು. ಗಂಗಾವತಿಯ ಭತ್ತದ ರೈತರಿಗೆ ಬೆಳೆಯ ಚಿಂತೆ ಹಿಡಿಯಿತು. ತಂತ್ರಜ್ಞರು ಸುಮಾರು ಒಂದು ವಾರ ಶ್ರಮಿಸಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿ ನೀರನ್ನು ತಡೆದರು.

ಒಂದು ಗೇಟಿಗೆ ಇಷ್ಟು ಮಹತ್ವವೇ? ಹೌದು. ನೀರನ್ನು ಹಿಡಿಯುವುದು ಹೇಗೆ, ಬಿಡುವುದು ಹೇಗೆ ಎಂಬುದನ್ನು ಜೀವನವಿಡೀ ಚಿಂತಿಸಿದ ಒಬ್ಬ ಕನ್ನಡಿಗರಿದ್ದರು. ಅವರೇ ಸರ್ ಎಂ. ವಿಶ್ವೇಶ್ವರಯ್ಯ.

ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ 1860ರ ಸೆಪ್ಟೆಂಬರ್ 15ರಂದು ಜನಿಸಿದರು. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದರು. ಪುಣೆಯಲ್ಲಿ ಎಂಜಿನಿಯರಿಂಗ್ ಕಲಿತು, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಗೆ ಸಹಾಯಕ ಎಂಜಿನಿಯರ್ ಆಗಿ ಸೇರಿದರು.

ಈಗ ಪಾಕಿಸ್ತಾನದಲ್ಲಿರುವ ಸಕ್ಕರ್ ಪಟ್ಟಣಕ್ಕೆ ನೀರು ಒದಗಿಸುವ ಕೆಲಸ 1890ರ ದಶಕದಲ್ಲಿ ಅವರ ಪಾಲಿಗೆ ಬಂತು. ಪಕ್ಕದಲ್ಲೇ ಸಿಂಧೂ ನದಿ. ಆದರೆ ನೀರು ಕೆಸರು. ಸೋಸುವ ತೊಟ್ಟಿಗಳನ್ನು ಕಟ್ಟಲು ಪುರಸಭೆಯಲ್ಲಿ ಹಣವಿಲ್ಲ. ಅವರು ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಮೂಲಕ ಇಳಿದು ಬಂದ ನೀರು ತಿಳಿಯಾಗಿತ್ತು! ಹಳ್ಳದ ಮರಳಿನಲ್ಲಿ ಒರತೆ ತೋಡಿ ನೀರು ತುಂಬುವುದನ್ನು ನೀವು ಕಂಡಿಲ್ಲವೆ? ಇದೂ ಅದೇ ತತ್ತ್ವ.

ಇನ್ನೊಂದು ಸಮಸ್ಯೆ ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯದ್ದು. ಮಳೆಗಾಲದಲ್ಲಿ ಕೋಡಿಯ ಮೇಲೆ ನೀರು ಹರಿದು ವ್ಯರ್ಥವಾಗುತ್ತಿತ್ತು. ಬೇಸಿಗೆಯಲ್ಲಿ ನೀರು ಸಾಲದು. ಹೆಚ್ಚು ನೀರು ನಿಲ್ಲಿಸಬೇಕು. ಆದರೆ ಮಹಾಪೂರ ಬಂದರೆ ಹೆಚ್ಚುವರಿ ನೀರು ತಡವಿಲ್ಲದೆ ಹೊರಹೋಗಬೇಕು. ಇಲ್ಲದಿದ್ದರೆ ಅಣೆಕಟ್ಟೆಗೇ ಅಪಾಯ. ಒಂದು ಘನ ಮೀಟರ್ ನೀರಿನ ತೂಕವೇ 1000 ಕಿಲೋಗ್ರಾಂ. ಆಳ ಹೆಚ್ಚಿದಂತೆ ಅದರ ಒತ್ತಡವೂ ಹೆಚ್ಚುತ್ತದೆ.

ವಿಶ್ವೇಶ್ವರಯ್ಯನವರು ಕೋಡಿಯ ಮೇಲೆ ಸ್ವಯಂಚಾಲಿತ ಗೇಟುಗಳನ್ನು ಕೂಡಿಸುವ ಉಪಾಯ ಕಂಡುಹಿಡಿದರು. ತಕ್ಕಡಿಯ ಎರಡು ತಟ್ಟೆಗಳಂತೆ, ಗೇಟುಗಳ ತೂಕಕ್ಕೆ ಎದುರಾಗಿ ಬೇರೆ ತೂಕವನ್ನು ಹೊಂದಿಸಲಾಗಿತ್ತು. ನೀರು ಗೊತ್ತುಪಡಿಸಿದ ಮಟ್ಟ ಮೀರಿದರೆ ಆ ನೀರೇ ಸಮತೋಲ ಕೆಡಿಸಿ ಗೇಟುಗಳನ್ನು ತೆರೆಯುತ್ತಿತ್ತು. ನೀರು ಇಳಿದರೆ ಗೇಟುಗಳು ತಾವಾಗಿ ಮುಚ್ಚುತ್ತಿದ್ದವು. ಯಂತ್ರ ಬೇಡ, ನಡುರಾತ್ರಿ ಕಾವಲುಗಾರ ಓಡಿಬರುವುದೂ ಬೇಡ. 1903ರಲ್ಲಿ ಈ ಗೇಟುಗಳು ಅಲ್ಲಿ ಕೆಲಸಕ್ಕೆ ಬಂದವು. ಮುಂದೆ ಮೈಸೂರಿನ ಹತ್ತಿರ, 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರಕ್ಕೂ ಇಂಥ ಗೇಟುಗಳು ಬಂದವು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ನಗರದಲ್ಲಿ ಸಾವಿರಾರು ಜನ ಸತ್ತರು. ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳೂ ಆಗ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. ಸಂಸ್ಥಾನದ ಕರೆಯಂತೆ 1909ರಲ್ಲಿ ವಿಶ್ವೇಶ್ವರಯ್ಯನವರು ಬಂದು ಪರಿಶೀಲಿಸಿದರು. ನಗರದ ಮೇಲ್ಭಾಗದಲ್ಲಿ ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದು ಪ್ರವಾಹ ಹೆಚ್ಚಿತ್ತು. ನಗರಕ್ಕೆ ಎತ್ತರದ ಗೋಡೆ ಕಟ್ಟುವುದಷ್ಟೇ ಪರಿಹಾರವಲ್ಲ, ಪ್ರವಾಹವನ್ನು ಮೇಲೆಯೇ ಹಿಡಿದು ನಿಧಾನವಾಗಿ ಬಿಡಬೇಕು ಎಂದು ಅವರು ಸಲಹೆ ಮಾಡಿದರು. ಅದರಂತೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎಂಬ ಎರಡು ಜಲಾಶಯಗಳು ಆದವು.

ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಪಡೆದರು. 1962ರಲ್ಲಿ, ನೂರು ವರ್ಷ ದಾಟಿದ ಮೇಲೆ, ತೀರಿಕೊಂಡರು. ಅವರು ಹುಟ್ಟಿದ ದಿನವನ್ನು ನಾವು ಎಂಜಿನಿಯರುಗಳ ದಿನವೆಂದು ಆಚರಿಸುತ್ತೇವೆ.

ನೀರಿನಲ್ಲಿ ನಿಲ್ಲುವ ಯಾವ ಕಟ್ಟಡಕ್ಕೂ ಈ ಪ್ರಶ್ನೆ ತಪ್ಪಿದ್ದಲ್ಲ. ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ದೂರ, ಅರಬ್ಬಿ ಸಮುದ್ರದಲ್ಲಿ ಬಾಂಬೆ ಹೈ ತೈಲಕ್ಷೇತ್ರವಿದೆ. ಅಲ್ಲಿನ ವೇದಿಕೆಗಳು ಉಕ್ಕಿನ ಕೊಳವೆಗಳನ್ನು ಜಾಲರಿಯಂತೆ ಜೋಡಿಸಿದ ಕಾಲುಗಳ ಮೇಲೆ ನಿಂತಿವೆ. ಗೋಡೆಯಿದ್ದರೆ ಅಲೆ ಪೂರ್ತಿ ಬಲದಿಂದ ಅಪ್ಪಳಿಸುತ್ತಿತ್ತು. ಜಾಲರಿಯಾದ್ದರಿಂದ ಅಲೆಯ ಬಹುಪಾಲು ನಡುವೆ ನುಸುಳಿ ಹೋಗುತ್ತದೆ. ಬಲವಾಗಿ ಕಟ್ಟಿದರೆ ಸಾಲದು, ನೀರಿಗೆ ದಾರಿಯನ್ನೂ ಬಿಡಬೇಕು.

ಮಾಡಿ ನೋಡಿ: ಪ್ಲಾಸ್ಟಿಕ್ ಬಾಟಲಿಗೆ ಮೇಲೆ, ನಡುವೆ, ಕೆಳಗೆ ಒಂದೇ ಅಳತೆಯ ಮೂರು ರಂಧ್ರ ಮಾಡಿ. ಬೆರಳಿನಿಂದ ಅವನ್ನು ಮುಚ್ಚಿ ನೀರು ತುಂಬಿ, ಎತ್ತರದಲ್ಲಿ ಹಿಡಿದು ಬೆರಳು ತೆಗೆಯಿರಿ. ಯಾವ ರಂಧ್ರದ ನೀರು ಹೆಚ್ಚು ರಭಸದಿಂದ ಚಿಮ್ಮುತ್ತದೆ? ಅಣೆಕಟ್ಟೆಯ ಗೋಡೆ ಕೆಳಗೆ ದಪ್ಪ, ಮೇಲೆ ತೆಳು ಏಕೆಂದು ಈಗ ನೀವೇ ಹೇಳಬಲ್ಲಿರಿ.